ಹನ್ನೊಂದನೇ ಕಾಲಂ

ಜೆರೂಸಲೇಮಿನ ಹಳೆಯ ಪಟ್ಟಣದಲ್ಲಿ ಯಾರ ಕೇರಿ ಎಲ್ಲಿದೆ ಎಂದು ನಾನು ವರ್ಷಾನುಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ನಾನು ಹೋಗಿರುವ ಅತಿ ದೂರದ ಊರು ಹೈದರಾಬಾದು. ಅದೂ ತಂಗಿಯ ಬಾಣಂತನಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇತಿಹಾಸದ ಉಪನ್ಯಾಸಕಿಯಾಗಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಮೊನ್ನೆ ಮನೆಗೆ ಬಂದು, "ಮೇಡಂ, ಇಸ್ರೇಲ್ ಪ್ಯಾಲೆಸ್ಟೈನ್ ಪಾಠ ಹೇಗೆ ಮಾಡ್ತಿದ್ರಿ? ನಿಮ್ಮ ನೋಟ್ಸ್ ಇದ್ರೆ ಕೊಡಿ" ಎಂದು ಕೇಳಿದಳು. ನೋಟ್ಸ್ ಇದ್ದವು. ಕೊಡಲಿಲ್ಲ. ಅವುಗಳಲ್ಲಿ ತಪ್ಪುಗಳಿಲ್ಲ, ಕೊಡದಿರಲು ಅದೇ ಕಾರಣ. ನನ್ನ ತಪ್ಪುಗಳೆಲ್ಲ ನೋಟ್ಸಿನ ಹೊರಗೆ ನಡೆದವು. ಅವನ್ನು ಬರೆದುಕೊಡುತ್ತೇನೆ ಎಂದಿದ್ದೆ. ಬರೆದಿದ್ದೇನೆ.

ಎಪ್ಪತ್ತರ ದಶಕದ ನಡುವೆ, ಮೈಸೂರಿನಲ್ಲಿ ಎಂ.ಎ. ಮುಗಿಸಿ, ಅಜ್ಜಂಪುರದ ಒಂದು ಜೂನಿಯರ್ ಕಾಲೇಜಿಗೆ ಸೇರಿದೆ. ಇಪ್ಪತ್ತಮೂರು ವರ್ಷ. ಮಾತು ಕಡಿಮೆ. ಮೇಜಿನ ಹಿಂದೆ ನಿಂತರೆ ಗಂಟೆ ಹೊಡೆಯುವವರೆಗೆ ಅಲುಗುತ್ತಿರಲಿಲ್ಲ. ನೋಟ್ಸ್ ಹೇಳಿ ಬರೆಸುವುದೇ ಪಾಠ ಎಂದುಕೊಂಡಿದ್ದೆ. ಕಾರಣಗಳು ಐದು, ಪರಿಣಾಮಗಳು ನಾಲ್ಕು. ಹುಡುಗರು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು. ಅವರು ತಲೆ ಎತ್ತದಿರುವುದು ನನಗೆ ಬಹಳ ಅನುಕೂಲವಾಗಿತ್ತು.

ನಮ್ಮ ಪ್ರಿನ್ಸಿಪಾಲರಿಗೆ ಇದ್ದದ್ದು ಒಂದೇ ಪ್ರಶ್ನೆ.

"ಪೋರ್ಷನ್ ಎಲ್ಲಿಗೆ ಬಂತಮ್ಮ?"

"ಪ್ಯಾಲೆಸ್ಟೈನ್ ಸರ್. ನಲವತ್ತೆಂಟರ ಯುದ್ಧಕ್ಕೆ ಬಂದಿದೀನಿ."

"ಬೇಗ ಬೇಗ ಯುದ್ಧ ಮುಗ್ಸಿ. ಸಂಕ್ರಾಂತಿ ಒಳಗೆ ಶಾಂತಿ ಆಗ್ಬಿಡ್ಬೇಕು."

ಸಂಕ್ರಾಂತಿಗೆ ನಾಲ್ಕು ದಿನ ಮುಂಚೆಯೇ ಶಾಂತಿ ಮಾಡಿ ಟೆಸ್ಟ್ ಇಟ್ಟೆ. ಗಾಜಾ ಪಟ್ಟಿಯ ಬಗ್ಗೆ ಟಿಪ್ಪಣಿ ಬರೆಯಿರಿ ಎಂಬುದು ಒಂದು ಪ್ರಶ್ನೆ. ಅರ್ಧ ತರಗತಿ "ಗಾಜಿನ ಪಟ್ಟಿ" ಎಂದು ಬರೆದಿತ್ತು. ನಾನು ಅಷ್ಟು ಮೆಲ್ಲಗೆ, ಅಷ್ಟು ಬೇಗ ಹೇಳಿದ್ದೆ. ಒಬ್ಬನಂತೂ, "ಸಮುದ್ರದ ಪಕ್ಕದಲ್ಲಿ ಉದ್ದನೆಯ ಗಾಜಿನ ಪಟ್ಟಿ ಇದ್ದು, ಯುದ್ಧ ಆದಾಗಲೆಲ್ಲ ಅದು ಒಡೆಯುತ್ತದೆ" ಎಂದು ವಿವರಿಸಿದ್ದ. ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದೆ. ಈಗಾದರೆ ಹಾಕುತ್ತಿರಲಿಲ್ಲ.

ಐದು ವರ್ಷದ ನಂತರ ಕಡೂರಿಗೆ ವರ್ಗವಾಯಿತು. ಅಲ್ಲಿ ಒಂದು ಭೂಪಟವಿತ್ತು. ನನಗೆ ಧೈರ್ಯವೂ ತುಸು ಬಂದಿತ್ತು. ಕೋಲು ಹಿಡಿದು ಪಶ್ಚಿಮ ದಂಡೆಯನ್ನು ತೋರಿಸುತ್ತಿದ್ದಾಗ ಸಿಂಗಟಗೆರೆಯ ಹುಡುಗನೊಬ್ಬ ಎದ್ದು ನಿಂತ.

"ಮೇಡಂ, ಪಶ್ಚಿಮ ಅಂತೀರಿ. ಕೋಲು ಪೂರ್ವಕ್ಕೆ ಇಟ್ಟಿದೀರಿ."

ನೋಡಿದೆ. ನಿಜ, ಇಸ್ರೇಲಿನ ಪೂರ್ವಕ್ಕೇ ಇತ್ತು. ಗೊತ್ತಿಲ್ಲ ಎನ್ನಲು ನಾಲಿಗೆ ಬರಲಿಲ್ಲ. "ಮುದ್ರಣದೋಷ" ಎಂದುಬಿಟ್ಟೆ.

ಮನೆಗೆ ಹೋಗಿ ಪುಸ್ತಕ ತೆಗೆದೆ. ಅದು ಜೋರ್ಡಾನ್ ನದಿಯ ಪಶ್ಚಿಮ ದಂಡೆ. ಹೆಸರಿಟ್ಟವರು ನದಿಯ ಆಚೆ ಕಡೆಯಿಂದ ನೋಡಿ ಇಟ್ಟಿದ್ದರು. ಯಾರು ಎಲ್ಲಿ ನಿಂತು ನೋಡುತ್ತಾರೆ ಎಂಬುದರ ಮೇಲೆ ದಿಕ್ಕು ಬದಲಾಗುತ್ತದೆ ಎಂಬ ಈ ಪಾಠದ ಮೊದಲ ಮಾತು, ಆರು ವರ್ಷ ಪಾಠ ಮಾಡಿದ ಮೇಲೆ ನನಗೆ ಗೊತ್ತಾಯಿತು. ತರಗತಿಯಲ್ಲಿ ತಪ್ಪು ಒಪ್ಪಿಕೊಳ್ಳಲು ಇನ್ನೂ ಮೂರು ದಿನ ತೆಗೆದುಕೊಂಡೆ. ಆ ಹುಡುಗ, "ಪರವಾಗಿಲ್ಲ ಬಿಡಿ ಮೇಡಂ" ಎಂದು ನನಗೇ ಸಮಾಧಾನ ಹೇಳಿದ.

ಕಡೂರಿನಲ್ಲೇ, ಎಂಬತ್ತೆರಡರಲ್ಲಿ, ಬೈರೂತಿನ ನಿರಾಶ್ರಿತರ ಶಿಬಿರಗಳಲ್ಲಿ ಹೆಂಗಸರು ಮಕ್ಕಳೆನ್ನದೆ ಕೊಂದ ಸುದ್ದಿ ರೇಡಿಯೋದಲ್ಲಿ ಬಂತು. ಮರುದಿನ ನಾನು ಎಂದಿನಂತೆ ಪರಿಣಾಮಗಳು ನಾಲ್ಕು ಎಂದು ಹೇಳಿ ಬರೆಸಲು ಶುರು ಮಾಡಿದೆ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ:

"ನಿನ್ನೆ ರೇಡಿಯೋದಾಗೆ ಹೇಳಿದ್ರಲ್ಲ ಮೇಡಂ, ಅದು ಎಷ್ಟನೇ ಪರಿಣಾಮ?"

ಕುಚೋದ್ಯವಿರಲಿಲ್ಲ. ಪೆನ್ನು ಹಿಡಿದು ಕಾಯುತ್ತಿದ್ದ. ನಾನು ಆ ದಿನ ಮುಂದೆ ಬರೆಸಲಿಲ್ಲ. ಆಮೇಲೆ ಯಾವತ್ತೂ ಈ ಪಾಠವನ್ನು ಹೇಳಿ ಬರೆಸಲಿಲ್ಲ. ಚರ್ಚೆ ಮಾಡಿಸಬೇಕು, ಮಕ್ಕಳೇ ಮಾತಾಡಬೇಕು ಎಂದು ನಿರ್ಧರಿಸಿದೆ. ಒಂದು ಅವಿವೇಕದಿಂದ ಇನ್ನೊಂದಕ್ಕೆ ಹೋಗುವಾಗ ಮನುಷ್ಯನಿಗೆ ಎಷ್ಟು ಹಗುರವೆನಿಸುತ್ತದೆ!

ಎಂಬತ್ತೇಳರಲ್ಲಿ ನಾನು ತರೀಕೆರೆಯಲ್ಲಿದ್ದೆ. ಆ ವರ್ಷದ ಕೊನೆಗೆ ಗಾಜಾದಲ್ಲಿ, ಪಶ್ಚಿಮ ದಂಡೆಯಲ್ಲಿ ಜನ ದಂಗೆಯೆದ್ದರು. ಹುಡುಗರು ಸೈನಿಕರ ಮೇಲೆ ಕಲ್ಲು ಎಸೆಯುವ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತಿದ್ದವು. ಆ ಚಿತ್ರಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿಕೊಂಡು, ದ್ವಿತೀಯ ಪಿಯುಸಿ ತರಗತಿಗೆ ಹೆಮ್ಮೆಯಿಂದ ಹೋದೆ.

ಹುಡುಗಿಯರ ಕಡೆಯ ಮೊದಲ ಬೆಂಚಿನಲ್ಲಿ ಸರೋಜಾ ಮತ್ತು ಹಾಲಮ್ಮ ಕೂರುತ್ತಿದ್ದರು. ಇಬ್ಬರೂ ಲಿಂಗದಹಳ್ಳಿ ಕಡೆಯ ಒಂದೇ ಹಳ್ಳಿಯವರು. ಒಂದೇ ಬಸ್ಸಿನಲ್ಲಿ ಬರುತ್ತಿದ್ದರು. ಇತಿಹಾಸದ ಪುಸ್ತಕವನ್ನು ಇಬ್ಬರೂ ಸೇರಿ ಒಂದೇ ಕೊಂಡಿದ್ದರು. ಸರೋಜಾ ಡಿಗ್ರಿ ಓದುವ ಆಸೆ ಇಟ್ಟುಕೊಂಡಿದ್ದಳು. ಪಾಸಾದರೆ ಕಳಿಸುತ್ತೇನೆ ಎಂದು ಅವಳ ತಂದೆ ಹೇಳಿದ್ದರು. ನನಗೆ ಅವರ ಬಗ್ಗೆ ಗೊತ್ತಿದ್ದದ್ದು ಇಷ್ಟೇ. ವಿದ್ಯಾರ್ಥಿಗಳ ಮನೆಯ ವಿಷಯ ಕೇಳುವುದು ಸಭ್ಯತೆಯಲ್ಲ ಎಂದು ನಂಬಿದ್ದೆ.

ಈ ಜಗಳ ಯಾರದೆಂದು ತೀರ್ಮಾನಿಸುವುದು ಹೇಗೆ ಎಂದು ಕೇಳಿದೆ. ಹಾಲಮ್ಮ ಕೈ ಎತ್ತಿದಳು.

"ಪಹಣಿ ತೆಗ್ಸಿದ್ರೆ ಆಯ್ತಲ್ಲ ಮೇಡಂ. ಒಂಬತ್ತನೇ ಕಾಲಂನಾಗೆ ಯಾರ ಹೆಸ್ರೈತೆ, ಹನ್ನೆರಡನೇ ಕಾಲಂನಾಗೆ ಯಾರ ಹೆಸ್ರೈತೆ ನೋಡ್ಬೋದು."

ತರಗತಿಯೆಲ್ಲ ಹೌದು ಹೌದು ಎಂದಿತು. ನಮ್ಮ ಕಡೆ ಅಕ್ಷರ ಬಾರದವರಿಗೂ ಪಹಣಿ ಗೊತ್ತು. ಒಂಬತ್ತರಲ್ಲಿ ಇರುವುದು ಖಾತೆ ಯಾರ ಹೆಸರಿಗಿದೆಯೋ ಅವರು, ಹನ್ನೆರಡರಲ್ಲಿ ಇರುವುದು ನಿಜವಾಗಿ ಉಳುತ್ತಿರುವವರು. ಎರಡೂ ಕಡೆ ಒಂದೇ ಹೆಸರಿದ್ದರೆ ನಿದ್ದೆ, ಬೇರೆ ಬೇರೆ ಇದ್ದರೆ ಕೋರ್ಟು. ನನಗೆ ಖುಷಿ ತಡೆಯಲಾಗಲಿಲ್ಲ. ಇಡೀ ಮೈಸೂರು ವಿಶ್ವವಿದ್ಯಾಲಯದಲ್ಲಿ ಯಾರಿಗೂ ಹೊಳೆಯದ ಹೋಲಿಕೆ ಎಂದುಕೊಂಡು, ಹಲಗೆಯ ಮೇಲೆ ಎರಡು ಕಾಲಂ ಗೀಚಿದೆ. ಯುರೋಪಿನಲ್ಲಿ ಹಿಂಸೆಗೆ ಸಿಕ್ಕಿ, ಸಾವಿನಿಂದ ಉಳಿದು, ಇದು ನಮ್ಮ ಪೂರ್ವಿಕರ ನೆಲ ಎಂದು ಬಂದ ಯಹೂದಿಗಳು ಒಂದು ಕಡೆ. ತಲೆತಲಾಂತರದಿಂದ ಅಲ್ಲೇ ಇದ್ದು, ಮನೆ ಹೊಲ ಕಳೆದುಕೊಂಡು ಶಿಬಿರ ಸೇರಿದ ಅರಬರು ಇನ್ನೊಂದು ಕಡೆ. "ಸರೋಜಾ, ನೀನು ಬಂದವರ ಪರ ಮಾತಾಡು. ಹಾಲಮ್ಮ, ನೀನು ಮೊದಲಿದ್ದವರ ಪರ" ಎಂದೆ.

ಹಾಲಮ್ಮ ಎದ್ದಳು. "ನೀವು ಬಂದಾಗ ಆ ಹೊಲ ಖಾಲಿ ಇತ್ತೇನು?"

"ಖಾಲಿ ಅಂತ ಸರ್ಕಾರ ಬರ್ಕೊಟ್ಟಿತ್ತು" ಎಂದಳು ಸರೋಜಾ.

"ಬರ್ಕೊಡೋಕೆ ಅದು ಸರ್ಕಾರದ ಅಪ್ಪಂದಾ? ನಮ್ಮಜ್ಜ ಕಲ್ಲು ಆಯ್ದು, ಜಾಲಿ ಕಡ್ದು ಹಸನ ಮಾಡಿದ್ದು."

"ಮತ್ತೆ ನಮ್ಮೂರು ನೀರಾಗೆ ಮುಳುಗ್ತಲ್ಲ, ನಾವೇನ್ ಬೇಡ್ಕಂಡಿದ್ವಾ ಮುಳುಗ್ಸಿ ಅಂತ? ಎಲ್ಲಿಗೆ ಹೋಗ್ಬೇಕಿತ್ತು ಕಣೇ?"

"ಎಲ್ಲಿಗಾದ್ರೂ! ನಮ್ಮ ಚೌಡಮ್ಮನ ಕಲ್ಲಿರೋ ಹೊಲಕ್ಕೇ ಬರ್ಬೇಕಿತ್ತಾ?"

ಎಂಥ ಅಭಿವ್ಯಕ್ತಿ ಎಂದು ನಾನು ಮೆಚ್ಚಿಕೊಂಡು ಕೂತಿದ್ದೆ. ಹಾಜರಿ ಪುಸ್ತಕದ ಅಂಚಿನಲ್ಲಿ ಇಬ್ಬರ ಹೆಸರಿನ ಮುಂದೆಯೂ "ಉತ್ತಮ" ಎಂದು ಬರೆದೆ. ಸರೋಜಾ ಸರ್ವೆ ನಂಬರ್ ಹೇಳಿದಳು. ಪ್ಯಾಲೆಸ್ಟೈನಿಗೆ ಸರ್ವೆ ನಂಬರ್ ಇರುವುದು ಕೂಡ ನನಗೆ ವಿಚಿತ್ರವೆನಿಸಲಿಲ್ಲ. ಹಾಲಮ್ಮ ಪುಸ್ತಕ ಎಸೆದು, ಸರೋಜಾ ಅಳುತ್ತ ಹೊರಗೆ ಹೋದ ಮೇಲೆ ಹುಡುಗನೊಬ್ಬ ಮೆಲ್ಲಗೆ ಹೇಳಿದ: "ಅದು ಅವ್ರ ಊರಿನ ಜಗಳ ಮೇಡಂ. ಎರಡೂ ಮನೆಗೂ ಕೇಸ್ ನಡೀತೈತೆ."

ಭದ್ರೆಗೆ ಅಣೆಕಟ್ಟು ಕಟ್ಟಿದಾಗ ಸರೋಜಾಳ ಅಜ್ಜನ ಊರು ಮುಳುಗಿತ್ತು. ಸರ್ಕಾರ ಬದಲಿಗೆ ಒಂದು ಹೊಲ ಕೊಟ್ಟಿತ್ತು. ಕಾಗದದಲ್ಲಿ ಖಾಲಿ ಇದ್ದ ಆ ಹೊಲವನ್ನು ಹಾಲಮ್ಮನ ಅಜ್ಜ ಮೊದಲಿನಿಂದ ಉಳುತ್ತಿದ್ದರು. ಈಗ ಅರ್ಧ ಅವರು, ಅರ್ಧ ಇವರು ಉಳುತ್ತಿದ್ದಾರೆ. ಪೂರ್ತಿ ನಮ್ಮದು ಎಂದು ಇಬ್ಬರೂ ಹೇಳುತ್ತಾರೆ. ಹುಡುಗಿಯರು ಮಾತ್ರ ಆ ವಿಷಯ ಎತ್ತದೆ ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದರು. ನಾನು ಎತ್ತಿಸಿದೆ.

ಸರೋಜಾ ಕಾಲೇಜು ಬಿಟ್ಟಳು. ಹತ್ತು ದಿನ ಕಳೆಯಿತು. ಇನ್ನು ಕೆಲವು ದಿನ ಬಾರದಿದ್ದರೆ ಹಾಜರಿ ಸಾಲದೆ ಹಾಲ್ ಟಿಕೆಟ್ ಸಿಗುವುದಿಲ್ಲ. ಹಾಲಮ್ಮನನ್ನು ಕೇಳಿದೆ.

"ನಂಗೇನ್ ಗೊತ್ತು ಮೇಡಂ. ಅವ್ರ ಮನೆ ನಮ್ಮನೆಯಿಂದ ಭಾಳ ದೂರ."

ಎರಡು ಮನೆಗಳ ನಡುವೆ ಇದ್ದದ್ದು ಒಂದು ಕೊಳಾಯಿ ಎಂದು ಆಮೇಲೆ ನೋಡಿದೆ. ಬಾಗಿಲವರೆಗೆ ಹೋಗಿ ಅವಳೇ ತಿರುಗಿ ಹೇಳಿದಳು: "ಗಂಡು ನೋಡ್ತವ್ರಂತೆ."

ಆ ಶನಿವಾರ ಮಧ್ಯಾಹ್ನ ಬಸ್ ಹತ್ತಿದೆ. ಹಿಂದಿರುಗಲು ಕೊನೆಯ ಬಸ್ಸು ಐದೂವರೆಗೆ. ವಿದ್ಯಾರ್ಥಿಯ ಮನೆಗೆ ನಾನು ಹೋದದ್ದು ಅದೇ ಮೊದಲು. ಸರೋಜಾಳ ಮನೆಯನ್ನು ಕೇಳಬೇಕಾಗಲಿಲ್ಲ. ಶೀಟು ಹೊದಿಸಿದ ಸಣ್ಣ ಮನೆಗೆ ಆಳೆತ್ತರಕ್ಕೂ ಮೀರಿದ ಕೆತ್ತನೆಯ ಬಾಗಿಲು. ಊರು ಬಿಡುವಾಗ ಬಿಚ್ಚಿ ಗಾಡಿಯಲ್ಲಿ ಹೇರಿಕೊಂಡು ಬಂದದ್ದು. ಹೊಸ್ತಿಲು ಎಷ್ಟು ಎತ್ತರವಿತ್ತೆಂದರೆ ನಾನು ಸೀರೆ ಎಡವಿ ಒಳಗೆ ಬಿದ್ದೆ.

"ಅಳತೆ ತಪ್ಪೈತೆ ಮೇಡಮ್ಮೋರೇ. ಎಲ್ರೂ ಬೀಳ್ತಾರೆ" ಎಂದರು ಸರೋಜಾಳ ತಂದೆ ಮಂಜಪ್ಪ. ಕಾಫಿ ಬಂತು. "ಅಲ್ಲ, ಆವತ್ತು ತೀರ್ಪು ಯಾರ ಕಡೆ ಕೊಟ್ರಿ?"

"ತೀರ್ಪು ಕೊಡಲಿಲ್ಲ."

"ಮತ್ತೆ ಒಂದು ಗಂಟೆ ಹೊತ್ತು ಏನ್ ಮಾಡ್ತಿದ್ರಿ?"

ಇತಿಹಾಸದಲ್ಲಿ ಇಬ್ಬರ ಮಾತಿನಲ್ಲೂ ಸತ್ಯವಿರುತ್ತದೆ, ಎರಡನ್ನೂ ಅರಿಯಬೇಕು ಎಂದು ನಾನು ಅಚ್ಚುಕಟ್ಟಾಗಿ ವಿವರಿಸಿದೆ. ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಸರೋಜಾಳ ಅಜ್ಜಿ ಕುಟ್ಟುವುದನ್ನು ನಿಲ್ಲಿಸಿದರು.

"ಇಬ್ರದೂ ನಿಜ ಅನ್ನೋದು ಕೇಳೋರಿಗೆ ಸಲೀಸು ಕಣವ್ವ. ಉಳೋರಿಗೆ ಇರೋದು ಒಂದೇ ಹೊಲ."

ನಾನು ಮಾತು ಬದಲಿಸಿದೆ. ಚೌಡಮ್ಮನ ಕಲ್ಲಿನ ವಿಷಯ ಕೇಳಿದೆ. ಅದು ತಮ್ಮ ಅರ್ಧದ ನಡುವೆ ಇದೆ ಎಂದರು ಮಂಜಪ್ಪ. ವರ್ಷಕ್ಕೊಮ್ಮೆ ಹಾಲಮ್ಮನ ಮನೆಯವರು ಬಂದು ಎಡೆ ಇಟ್ಟು ಹೋಗುತ್ತಾರೆ. "ಮಾತಿಲ್ಲ ಕತೆಯಿಲ್ಲ. ಬತ್ತಾರೆ, ಹೋಯ್ತಾರೆ. ನಾನೂ ನೇಗ್ಲು ತಾಗ್ಸಲ್ಲ. ಕಲ್ಲು ಬಂದಾಗ ಸುತ್ತಾಕ್ಕಂಡು ಉಳ್ತೀನಿ."

ಸರೋಜಾ ಬಾಗಿಲ ಹಿಂದೆ ನಿಂತಿದ್ದಳು. ಹುಡುಗಿಯನ್ನು ಕಳಿಸಿ, ಪರೀಕ್ಷೆ ಒಂದು ಬರೆಯಲಿ ಎಂದು ಬೇಡಿಕೊಂಡೆ. ಮಂಜಪ್ಪ ಯೋಚಿಸಿ ಹೇಳಿದರು:

"ಕಳಿಸ್ತೀನಿ. ಆದ್ರೆ ಅವ್ಳು ಕೂರ್ತಿದ್ದ ಬೆಂಚು ಬಿಡಲ್ಲ. ಆ ಹುಡ್ಗಿ ಅಲ್ಲಿರಕೂಡ್ದು."

"ಆಯಿತು" ಎಂದೆ.

ಕೊಳಾಯಿ ದಾಟುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಹೋಗಿತ್ತು. ಹಾಲಮ್ಮನ ತಂದೆ ಸಿದ್ದಪ್ಪ ಜಗಲಿಯಿಂದ ಇಳಿದು ಬಂದರು.

"ಏನ್ ಮೇಡಮ್ಮೋರೇ, ಅವ್ರ ಮನೇಲಿ ಕಾಫಿ ಆಯ್ತಂತೆ. ನಮ್ಮ ಹುಡ್ಗೀನ ಬೆಂಚಿಂದ ಎಬ್ಬಿಸ್ತೀರಂತೆ? ಹೊಲದಾಗೆ ಎಬ್ಸಕ್ಕೆ ಆಗ್ಲಿಲ್ಲ, ಕಾಲೇಜಲ್ಲಿ ಎಬ್ಸನಾ ಅಂತಲಾ?"

ಬಸ್ಸಿನ ಹಾರ್ನ್ ಕೇಳಿಸಿತು.

"ಇಲ್ಲ, ಇಲ್ಲ. ಎಬ್ಬಿಸೋದಿಲ್ಲ" ಎಂದು ಓಡಿದೆ.

ಸೀಟು ಸಿಕ್ಕಿ, ಬೆವರು ಒರೆಸಿಕೊಂಡ ಮೇಲೆ ನಾನು ಏನು ಮಾಡಿದೆ ಎಂದು ತಿಳಿಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಯಹೂದಿಗಳಿಗೊಂದು, ಅರಬರಿಗೊಂದು ಮಾತು ಕೊಟ್ಟದ್ದನ್ನು ನಾನು ಪ್ರತಿ ವರ್ಷ ಖಂಡಿಸುತ್ತಿದ್ದೆ. "ಒಂದೇ ನೆಲದ ಬಗ್ಗೆ ಇಬ್ಬರಿಗೆ ಮಾತು ಕೊಟ್ಟದ್ದು ಅಕ್ಷಮ್ಯ ಹೊಣೆಗೇಡಿತನ" ಎಂಬ ವಾಕ್ಯಕ್ಕೆ ನನ್ನ ನೋಟ್ಸಿನಲ್ಲಿ ಎರಡು ಗೆರೆ ಇದೆ. ಅವರಿಗಾದರೂ ಗೆಲ್ಲಬೇಕಾದ ಯುದ್ಧವಿತ್ತು. ನನಗಿದ್ದದ್ದು ಐದೂವರೆ ಬಸ್ಸು.

ಸೋಮವಾರ ಇಬ್ಬರೂ ಬಂದು ಬೆಂಚಿನ ಆಚೆ ಈಚೆ ನಿಂತರು. "ನಮ್ಮಪ್ಪಂಗೆ ಮಾತು ಕೊಟ್ಟಿದೀರಂತೆ" ಎಂದಳು ಸರೋಜಾ. "ನಮ್ಮಪ್ಪಂಗೂ" ಎಂದಳು ಹಾಲಮ್ಮ. ತರಗತಿ ನನ್ನನ್ನು ನೋಡುತ್ತಿತ್ತು. ನಾನು ಬ್ರಿಟಿಷರಂತೆಯೇ ಮಾಡಿದೆ. ಕೈತೊಳೆದುಕೊಂಡು ವಿಷಯವನ್ನು ಮೇಲಿನವರಿಗೆ ಒಪ್ಪಿಸಿದೆ.

ತರೀಕೆರೆಯ ಪ್ರಿನ್ಸಿಪಾಲರು ಬೇರೆ, ಪ್ರಶ್ನೆ ಮಾತ್ರ ಅದೇ. "ಬೆಂಚಿನ ಮಧ್ಯೆ ಒಂದು ಗೆರೆ ಎಳ್ಸಿಬಿಡಿ. ಪೋರ್ಷನ್ ಎಷ್ಟು ಬಾಕಿ?" ಎಂದರು. ಅಟೆಂಡರ್ ರಂಗಪ್ಪ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಮೂರನೇ ದಿನ "ಗೆರೆ ಸರ್ಕೈತೆ ಮೇಡಂ!" ಎಂದು ದೂರು ಬಂತು. ಅಳತೆಪಟ್ಟಿ ತಂದು ಅಳೆದೆ. ನಾಲ್ಕು ಬೆರಳು ಸರಿದಿತ್ತು. ಯಾವ ಕಡೆಗೆ ಎಂದು ಇಲ್ಲಿ ಬರೆಯುವುದಿಲ್ಲ. ರಂಗಪ್ಪ ದಿನವೂ ಬೆಳಿಗ್ಗೆ ಗಂಟೆ ಹೊಡೆದು, ಗೆರೆ ಎಳೆದು, ಆಮೇಲೆ ಬೇರೆ ಕೆಲಸಕ್ಕೆ ಹೋಗುತ್ತಿದ್ದ. ಒಂದೇ ಇದ್ದ ಪುಸ್ತಕ ಗೆರೆಯ ಮೇಲೆ ಇರುತ್ತಿತ್ತು. ಹಾಳೆ ತಿರುಗಿಸುವಾಗ ಒಬ್ಬಳು ಕೆಮ್ಮುತ್ತಿದ್ದಳು, ಇನ್ನೊಬ್ಬಳು ತಿರುಗಿಸುತ್ತಿದ್ದಳು.

ನಗು ಬರುತ್ತದೆ, ಗೊತ್ತು. ಆದರೆ ಬೆಂಚಿಗೂ ಪ್ಯಾಲೆಸ್ಟೈನಿಗೂ ಹೋಲಿಕೆ ಕಟ್ಟಲು ಇದನ್ನು ಬರೆಯುತ್ತಿಲ್ಲ. ಹೋಲಿಕೆ ಕಟ್ಟಿದ್ದರಿಂದಲೇ ಇಷ್ಟೆಲ್ಲ ಆದದ್ದು. ಬೆಂಚಿನ ಮೇಲೆ ಯಾರೂ ಸಾಯಲಿಲ್ಲ. ಅಲ್ಲಿ ಎರಡೂ ಕಡೆ ಹೆಣಗಳು ಬೀಳುತ್ತಿದ್ದವು. ಆ ವ್ಯತ್ಯಾಸವನ್ನು ತರಗತಿಯಲ್ಲಿ ಹೇಳಲು ಮರೆಯಬೇಡಿ. ನಾನು ಮರೆತಿದ್ದೆ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಪ್ಯಾಲೆಸ್ಟೈನ್ ಸಮಸ್ಯೆಯನ್ನು ವಿವರಿಸಿ ಎಂಬ ಪ್ರಶ್ನೆ ಕೊಟ್ಟೆ. ಹಾಲಮ್ಮ ಅದನ್ನು ಬಿಟ್ಟು ಫ್ರೆಂಚ್ ಕ್ರಾಂತಿ ಬರೆದಿದ್ದಳು. ಸರೋಜಾ ಒಂದು ಪಹಣಿ ಬರೆದಿದ್ದಳು. ಒಂಬತ್ತನೇ ಕಾಲಂ: ಇಬ್ಬರೂ ತಮ್ಮ ಹೆಸರು ಎನ್ನುತ್ತಾರೆ. ಹನ್ನೆರಡನೇ ಕಾಲಂ: ಯುದ್ಧ ಆದಾಗಲೆಲ್ಲ ಬದಲಾಗಿದೆ. ನಡುವೆ ಹನ್ನೊಂದನೇ ಕಾಲಂ ಒಂದಿದೆ ಎಂಬುದನ್ನು ನಾನು ಹಲಗೆಯ ಮೇಲೆ ಬರೆದೇ ಇರಲಿಲ್ಲ. ಪಹಣಿಯಲ್ಲಿ ಅದರ ತಲೆಬರಹ "ಹಕ್ಕುಗಳು ಮತ್ತು ಋಣಗಳು". ಸಾಮಾನ್ಯವಾಗಿ ಅಲ್ಲಿ ಸೊಸೈಟಿ ಸಾಲ ಬರೆದಿರುತ್ತಾರೆ. ಸರೋಜಾ ಬರೆದದ್ದು ಇಷ್ಟು: "ಬಂದವರಿಗೆ ತಿರುಗಿ ಹೋಗಲು ಊರು ಇರಲಿಲ್ಲ. ಮೊದಲಿದ್ದವರ ದೇವರು ಅಲ್ಲೇ ಉಳಿಯಿತು. ಈ ಕಾಲಂ ಯಾರೂ ತುಂಬಿಸಿಲ್ಲ."

ಹತ್ತಕ್ಕೆ ಆರು ಕೊಟ್ಟೆ. ಅರವತ್ತೇಳರ ಯುದ್ಧವನ್ನು ಹೆಸರಿಸಿರಲಿಲ್ಲ ಎಂದು ನಾಲ್ಕು ಕಡಿದೆ. ನಾನು ಎಂಥ ಉಪಾಧ್ಯಾಯಿನಿ ಎಂದು ಯಾರಾದರೂ ಕೇಳಿದರೆ ಈ ನಾಲ್ಕು ಅಂಕ ಸಾಕು.

ಹಾಜರಿ ಕೂದಲೆಳೆಯಲ್ಲಿ ಸಾಕಾಯಿತು. ಹಾಲ್ ಟಿಕೆಟ್ ಬಂತು. ಪಾಸಾಗದಿದ್ದರೆ ಮೇ ತಿಂಗಳಲ್ಲಿ ಮದುವೆ ಎಂದು ಮಂಜಪ್ಪ ಹೇಳಿಕಳಿಸಿದ್ದರು. ಇತಿಹಾಸದ ಪರೀಕ್ಷೆಯ ದಿನ ನಾನು ಗೇಟಿನಲ್ಲಿ ನಿಂತಿದ್ದೆ. ಬೆಂಚಿನ ಜಗಳವಾದ ಮೇಲೆ ಹುಡುಗಿಯರು ಬೇರೆ ಬೇರೆ ಬಸ್ಸಿನಲ್ಲಿ ಬರುತ್ತಿದ್ದರು. ಹಾಲಮ್ಮನ ಬಸ್ಸು ಬಂತು. ಸರೋಜಾಳದು ಬರಲಿಲ್ಲ. ಮೊದಲ ಗಂಟೆ ಹೊಡೆಯಿತು. ಹಾಲಮ್ಮ ಗೇಟು ಬಿಟ್ಟು ಅಲುಗಲಿಲ್ಲ.

"ಒಳಗೆ ಹೋಗು ಹಾಲಮ್ಮ."

"ಪುಸ್ತಕ ನನ್ಹತ್ರ ಉಳ್ಕಂಡೈತೆ ಮೇಡಂ. ಕೊಡ್ಬೇಕಿತ್ತು."

"ಪರೀಕ್ಷೆಗೆ ಪುಸ್ತಕ ಯಾಕೆ?"

ಅವಳು ರಸ್ತೆಯನ್ನೇ ನೋಡುತ್ತಿದ್ದಳು. "ಯಾಕೂ ಇಲ್ಲ."

ಎರಡನೇ ಗಂಟೆಗೆ ಮುಂಚೆ ಬಸ್ ಸ್ಟ್ಯಾಂಡಿನ ಕಡೆಯಿಂದ ಸರೋಜಾ ಓಡಿ ಬಂದಳು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಹಾಲಮ್ಮ ಸೊಂಟದ ಮೇಲೆ ಕೈಯಿಟ್ಟಳು.

"ಏನೇ, ನಿಮ್ಮಪ್ಪ ಹೊಲ ಉತ್ಬಿಟ್ಟು ಹೋಗು ಅಂದ್ನಾ?"

"ಹೂಂ ಕಣೇ! ನಿಮ್ಮ ಕಲ್ಲು ಅಡ್ಡ ಬಂತು. ಅದಕ್ಕೇ ಲೇಟು."

ಮತ್ತೆ ಶುರುವಾಯಿತು ಎಂದುಕೊಂಡೆ. ತಡೆಯಲು ಎರಡೂ ಕೈ ಚಾಚಿ ಇಬ್ಬರ ನಡುವೆ ಹೋಗಿ ನಿಂತೆ. ಆಮೇಲೆ ಇಬ್ಬರೂ ನಗುತ್ತಿರುವುದು ಕಾಣಿಸಿತು. ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ, ನನಗೆ ತಾಗದ ಹಾಗೆ ಸುತ್ತು ಹಾಕಿಕೊಂಡು ಒಳಗೆ ಓಡಿದರು.